ಸಂಗೀತದ ಮೇಷ್ಟ್ರಿಗೆ ರಜೆ ಎಲ್ಲಿ ಸ್ವಾಮಿ?

ಕೆಂಗೇರಿ ಉಪನಗರ: "ಮೇಷ್ಟ್ರಿಗೇನ್ರೀ, ಬೇಸಿಗೆ ಬಂತೂಂದ್ರೆ ಕೂತು ಸಂಬಳ!" ಈ ಮಾತು ಇಲ್ಲಿನ ಬಸ್ ನಿಲ್ದಾಣದಲ್ಲೂ ಇದೆ, ಕಿರಾಣಿ ಅಂಗಡಿ ಕಟ್ಟೆಯಲ್ಲೂ ಇದೆ. ಅದರಲ್ಲೂ ಸಂಗೀತದ ಮೇಷ್ಟ್ರು ಎಂದರೆ ಕೇಳಲೇಬೇಡಿ. ಪಾಠವೂ ಹಾಡೇ, ರಜೆಯೂ ಹಾಡೇ, ಇನ್ನೇನು ಕಷ್ಟ ಅನ್ನೋ ಲೆಕ್ಕ. ಈ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು.

ಉಪನಗರದವರಿಗೆ ಈ ಮೇಷ್ಟ್ರುಗಳು ಹೊಸಬರಲ್ಲ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಮಗ್ಗುಲಲ್ಲೇ ಇದೆ. ಅಲ್ಲಿನ ಪ್ರದರ್ಶಕ ಕಲೆಗಳ ವಿಭಾಗದಲ್ಲಿ ಸಂಗೀತಕ್ಕೂ ಪಾಠವುಂಟು, ಪರೀಕ್ಷೆಯುಂಟು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂದ ಮೇಲೆ ಮೈಸೂರು ರಸ್ತೆಯ ಧೂಳು, ವೃಷಭಾವತಿಯ ವಾಸನೆ ಎರಡರಿಂದಲೂ ಶಾರೀರವನ್ನು ಕೊಂಚ ಕಾಪಾಡಿಕೊಳ್ಳಬಹುದು.

ಸರಿ, ರಜೆಯಲ್ಲಿ ಇವರೇನು ಮಾಡ್ತಾರೆ? ಬೆಂಗಳೂರಿನಲ್ಲಿ ಬೇಸಿಗೆ ಎಂದರೆ ರಾಮನವಮಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಲಿಯವರು 1939ರಿಂದ ನಡೆಸಿಕೊಂಡು ಬಂದ ಉತ್ಸವಕ್ಕೆ ಪಾನಕ ಕೋಸಂಬರಿಯಷ್ಟೇ ಸಂಗೀತವೂ ಪ್ರಸಿದ್ಧ. ಬಡಾವಣೆಯ ದೇವಸ್ಥಾನಗಳಲ್ಲೂ ಕಚೇರಿ ನಡೆಯುತ್ತೆ. ಮೇಷ್ಟ್ರು ಒಂದು ಕಡೆ ಹಾಡಬೇಕು, ನಾಲ್ಕು ಕಡೆ ಕೇಳಬೇಕು. ಕೇಳದ ಮೇಷ್ಟ್ರು ಮುಂದಿನ ವರ್ಷವೂ ಹಳೇ ನೋಟ್ಸನ್ನೇ ಓದ್ತಾನೆ ಅಂತ ಬಲ್ಲವರು ಹೇಳ್ತಾರೆ.

ಇನ್ನು ವಾದ್ಯಗಳ ಪಾಡು. ವೀಣೆಯ ಇಪ್ಪತ್ನಾಲ್ಕು ಮೆಟ್ಟಿಲು ಕೂತಿರುವುದು ಜೇನುಮೇಣಕ್ಕೆ ಇದ್ದಿಲಪುಡಿ ಸೇರಿಸಿ ಕಟ್ಟಿದ ದಿಂಡಿನ ಮೇಲೆ. ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಜರುಗಿತು. ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೆ ಸ್ವರವೂ ಕೆಟ್ಟಿತು. ಮತ್ತೆ ಮೇಳ ಕಟ್ಟಿಸಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಕುಶಲಿಗಳಿದ್ದಾರೆ. ಅಲ್ಲಿಯವರೆಗೆ ವಾದ್ಯ ಹೊತ್ತುಕೊಂಡು ಹೋಗಿ ಬರುವುದಕ್ಕೆ ರಜೆಯೇ ಬೇಕು. ಮೃದಂಗದ್ದು ಇದರ ಉಲ್ಟಾ. ಬೇಸಿಗೆಯಲ್ಲಿ ಬಿಗಿಯಾದ ಚರ್ಮ ಮಳೆ ಬಿದ್ದೊಡನೆ ಸಡಿಲ. ತಂಬೂರಿ ಹಿಡಿದು ಬಸ್ಸು ಹತ್ತುವವರ ಕಷ್ಟ ಒಂದು ಕಾಲಕ್ಕೆ ಕಂಡಕ್ಟರುಗಳಿಗೆಲ್ಲ ಗೊತ್ತಿತ್ತು. 1979ರಲ್ಲಿ ಇದೇ ಬೆಂಗಳೂರಿನ ರಾಜ್ ನಾರಾಯಣ್ ವಿದ್ಯುನ್ಮಾನ ತಂಬೂರಿ ಮಾಡಿ ಆ ಹೊರೆ ಇಳಿಸಿದರು.

ಇಷ್ಟೆಲ್ಲ ಕಾಯಂ ಪ್ರೊಫೆಸರರ ಕಥೆ. ರಜೆಯಲ್ಲೂ ಅವರಿಗೆ ಸಂಬಳ ಬರುತ್ತೆ, ಅದು ಸುಳ್ಳಲ್ಲ. ಅತಿಥಿ ಉಪನ್ಯಾಸಕರೆಂಬ ಇನ್ನೊಂದು ಜಾತಿಯಿದೆ. ಹೆಸರು ಅತಿಥಿ, ಉಪಚಾರ ಮಾತ್ರ ಅಷ್ಟಕ್ಕಷ್ಟೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇವರಿಗೆ 11 ಸಾವಿರ, 13 ಸಾವಿರ ರೂಪಾಯಿ ಗೌರವಧನವಿತ್ತು. 2021ರ ಡಿಸೆಂಬರ್‌ನಲ್ಲಿ ತರಗತಿ ಬಿಟ್ಟು ಬೀದಿಗೆ ಬಂದ ಮೇಲೆ, 2022ರ ಜನವರಿಯಲ್ಲಿ ಸರ್ಕಾರ ವಿದ್ಯಾರ್ಹತೆ, ಅನುಭವ ನೋಡಿ 26ರಿಂದ 32 ಸಾವಿರಕ್ಕೆ ಏರಿಸಿತು. ವಾರಕ್ಕೆ 15 ಗಂಟೆ ಪಾಠ ಎಂದೂ ಗೊತ್ತುಮಾಡಿತು. ಅಂದರೆ ಮುಂಚೆ ಇಬ್ಬರಿಗೆ ಹಂಚಿದ್ದ ಗಂಟೆಗಳು ಒಬ್ಬರ ಪಾಲಾದವು, ಇನ್ನೊಬ್ಬರು ಮನೆಗೆ. ಉಳಿದವರಿಗೂ ಸೆಮಿಸ್ಟರ್ ಮುಗಿದರೆ ಕೆಲಸ ಮುಗಿಯಿತು. ರಜೆಗೆ ಗೌರವಧನವಿಲ್ಲ. ಮನೆ ಬಾಡಿಗೆಗೆ ಮಾತ್ರ ರಜೆ ಗಿಜೆ ಏನೂ ಇಲ್ಲ.

ಸಂಗೀತದವರಿಗೆ ಒಂದು ಸಮಾಧಾನವೆಂದರೆ ಮನೆಪಾಠ. ಬೇಸಿಗೆಯಲ್ಲಿ ಪಕ್ಕದ ಬೀದಿ ಮಕ್ಕಳೆಲ್ಲ ಸರಳೆ, ಜಂಟಿ ಅಂತ ಬಂದು ಕೂರ್ತಾರೆ. ಪುರಂದರದಾಸರು ಹಾಕಿಕೊಟ್ಟರೆನ್ನುವ ಮಾಯಾಮಾಳವಗೌಳದ ಪಾಠ ಇವತ್ತಿಗೂ ಮನೆ ನಡೆಸುತ್ತಿದೆ. ಶಾಲೆ ಶುರುವಾಯಿತೋ, ಅರ್ಧಕ್ಕರ್ಧ ಮಕ್ಕಳು ಟ್ಯೂಷನ್ನಿಗೆ ಪರಾರಿ. ಅಲ್ಲಿಂದ ಆಚೆಗೆ ಶೆಟ್ಟರ ಅಂಗಡಿಯ ಉದ್ದರಿ ಪುಸ್ತಕವೇ ಗತಿ.

ಹೊಸ ಸೆಮಿಸ್ಟರಾದರೂ ಹೇಳಿದ ಹೊತ್ತಿಗೆ ಬರುತ್ತದೆಯೇ? ಕೊರೋನಾ ಕಾಲದಲ್ಲಿ ಮೊದಲ ವರ್ಷದ ತರಗತಿ 2020ರಲ್ಲಿ ನವೆಂಬರಿಗೆ, 2021ರಲ್ಲಿ ಅಕ್ಟೋಬರಿಗೆ ಎಂದು ಯುಜಿಸಿಯೇ ಮುಂದೆ ಹಾಕಿತು. ಬೇಸಿಗೆ ರಜೆಯೆಂಬುದು ಮಳೆಗಾಲಕ್ಕೆ ಜಾರಿತು! ಅದರ ಮೇಲೆ 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು, 2024ರಲ್ಲಿ ಮತ್ತೆ ಮೂರೇ ವರ್ಷ ಎಂದರು. ಪಠ್ಯ ಬರೆದದ್ದೂ ಬರೆದದ್ದೇ, ಅಳಿಸಿದ್ದೂ ಅಳಿಸಿದ್ದೇ. ಒಂದೇ ಕಾಲೇಜಿನಲ್ಲಿ ಹಿರಿಯರಿಗೊಂದು ಪಾಠಪಟ್ಟಿ, ಕಿರಿಯರಿಗೊಂದು.

ತರಗತಿಯೊಳಗಿನ ಫಜೀತಿ ಬೇರೆ. ಒಬ್ಬಳು ಸೀನಿಯರ್ ಪರೀಕ್ಷೆ ಮುಗಿಸಿ ಬಂದಿರ್ತಾಳೆ, ಪಕ್ಕದಲ್ಲಿ ಕೂತವನಿಗೆ ತಾಳ ಹಾಕೋದೂ ಬಾರದು. ಹುಡುಗಿಯರ ಶ್ರುತಿ ಐದು, ಐದೂವರೆ ಮನೆ. ಹುಡುಗರದ್ದು ಒಂದು, ಒಂದೂವರೆ. ಹುಡುಗರ ಶ್ರುತಿ ಹಿಡಿದರೆ ಹುಡುಗಿಯರಿಗೆ ಕೆಳಗೆ ದನಿಯಿಲ್ಲ, ಹುಡುಗಿಯರದ್ದು ಹಿಡಿದರೆ ಹುಡುಗರು ಕಿರುಚಬೇಕು. ಹಾಗಾಗಿ ಒಂದು ಗಂಟೆಯ ಪಾಠವನ್ನು ಎರಡು ಮಾಡುವುದು, ಇಲ್ಲವೇ ಇಬ್ಬರಿಗೂ ಒಗ್ಗದ ನಡುವಿನ ಶ್ರುತಿ ಹಿಡಿಯುವುದು. ರಜೆಯಲ್ಲಿ ಸಾಧನೆ ಬಿಟ್ಟವರ ಗಂಟಲು ತೆರೆಯುವುದಕ್ಕೇ ಎರಡು ವಾರ ಹೋಗುತ್ತೆ. ಮಿಕ್ಕಿದ್ದು ಹದಿಮೂರೋ ಹದಿನಾಲ್ಕೋ ವಾರ. ಅದರಲ್ಲೇ ಗಣೇಶನ ಹಬ್ಬ, ದಸರಾ, ಕಿರುಪರೀಕ್ಷೆ. ಒಂದು ವರ್ಣ ನಾಲಿಗೆಯ ಮೇಲೆ ಕೂರುವ ಹೊತ್ತಿಗೆ ಪರೀಕ್ಷೆ ಬಂದು ಬಾಗಿಲಲ್ಲಿ ನಿಂತಿರುತ್ತೆ. ಲೆಕ್ಕಪತ್ರಕ್ಕೂ ಭೈರವಿಗೂ ಒಂದೇ ಅಳತೆಯ ಅವಧಿ ಕೊಟ್ಟ ಮಹಾನುಭಾವರು ಯಾರೋ!

ಅತಿಥಿಗಳಿಗಂತೂ ತರಗತಿ ಶುರುವಾದರೂ ಆದೇಶ ಕೈಗೆ ಬಂದಿರುವುದಿಲ್ಲ ಎಂಬ ದೂರು ಹಳೆಯದು. 2024ರ ಜನವರಿಯಲ್ಲಿ ಗೌರವಧನ ಇನ್ನಷ್ಟು ಏರಿಸಿದ್ದು ಒಳ್ಳೆಯದೇ. ಆದರೆ ಬೇಸಿಗೆಯ ಎರಡು ತಿಂಗಳ ಅಕ್ಕಿ ಬೇಳೆ ಬಾಕಿ ಹಾಗೇ ಇದೆ. ಈ ಸಲವಾದರೂ ಆದೇಶದ ಕಾಗದ ಮೊದಲ ದಿನದ ಗಂಟೆಗೆ ಮುಂಚೆ ಬಂದೀತೆ ಎಂದು ಕೇಳುತ್ತಿರುವವರಲ್ಲಿ ಮೇಷ್ಟ್ರುಗಳಷ್ಟೇ ಅಲ್ಲ, ಅಂಗಡಿ ಶೆಟ್ಟರೂ ಇದ್ದಾರೆ.