ಟಿವಿಯ ವಿಮಾನ ತನಿಖೆ, ಮಂಗಳೂರಿನ ನಿಜ ತನಿಖೆ: ವ್ಯತ್ಯಾಸ ಏನು?

ಬಳ್ಳಿಗಾವಿ: ವಿಮಾನ ಬಿದ್ದ ಕಾರಣ ಹುಡುಕುವ ಥ್ರಿಲ್ಲರ್‌ಗಳನ್ನು ಈಗ ಹಳ್ಳಿಯಲ್ಲೂ ಮೊಬೈಲಲ್ಲೇ ನೋಡ್ತಾರೆ. ಅದರಲ್ಲಿ ಕೊನೆಗೆ ಒಬ್ಬ ವಿಲನ್ ಸಿಕ್ಕೇ ಸಿಗ್ತಾನೆ. ನಿಜವಾದ ತನಿಖೆ ಹಾಗಿರಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಉಳಿದವರು 8 ಮಂದಿ ಮಾತ್ರ.

ಕಾರಣ ಗೊತ್ತಾಗಿದ್ದು ಹೇಗೆ?

ಬ್ಲ್ಯಾಕ್ ಬಾಕ್ಸ್ ಅಂದರೂ ಅದರ ಬಣ್ಣ ಕಿತ್ತಳೆ. ಅವಶೇಷದ ನಡುವೆ ಬೇಗ ಕಾಣಲಿ ಅಂತ. ಒಂದು ಪೆಟ್ಟಿಗೆ ವೇಗ, ಎತ್ತರ ದಾಖಲಿಸುತ್ತೆ. ಇನ್ನೊಂದು ಕಾಕ್‌ಪಿಟ್‌ನ ಮಾತು, ಸದ್ದು ದಾಖಲಿಸುತ್ತೆ.

ಮಂಗಳೂರಿನ ವಿಮಾನದ ಧ್ವನಿಮುದ್ರಣದಲ್ಲಿ ಗೊರಕೆ ಕೇಳಿಬಂತು. ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು. ಎದ್ದ ಮೇಲೂ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಅನ್ನೋದು ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ಅಭಿಪ್ರಾಯ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ 'ಇಳಿಸೋದು ಬೇಡ, ಮತ್ತೆ ಮೇಲೇರೋಣ' ಎಂಬ ಎಚ್ಚರಿಕೆ ಕೊಟ್ಟಿದ್ದರು. ಯಂತ್ರವೂ ಎಚ್ಚರಿಸಿತ್ತು. ಆದರೂ ಇಳಿಸಿದರು. 2,450 ಮೀಟರ್ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದಾಗ ಸುಮಾರು 1,600 ಮೀಟರ್ ಆಗಲೇ ಹಿಂದೆ ಹೋಗಿತ್ತು. ಇಳಿದ ಮೇಲೆ ಮತ್ತೆ ಹಾರಲು ಹೊರಟಿದ್ದು ಇನ್ನೊಂದು ತಪ್ಪು.

ತನಿಖೆಯ ಉದ್ದೇಶ ಶಿಕ್ಷೆ ಕೊಡೋದಲ್ಲ, ಅದು ಕೋರ್ಟಿನ ಕೆಲಸ. ಮತ್ತೊಂದು ವಿಮಾನ ಹೀಗೆ ಬೀಳಬಾರದು ಅನ್ನೋದಷ್ಟೇ ಇದರ ಗುರಿ. ಇದಕ್ಕಾಗಿಯೇ 2012ರಲ್ಲಿ ಪ್ರತ್ಯೇಕ ವಿಮಾನ ಅಪಘಾತ ತನಿಖಾ ಬ್ಯೂರೋ ಶುರುವಾಯಿತು.

ನಮಗೇನು ಸಂಬಂಧ?

2023ರಲ್ಲಿ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಶುರುವಾದ ಮೇಲೆ ಶಿಕಾರಿಪುರ, ಸೊರಬದವರಿಗೂ ವಿಮಾನ ದೂರದ ಮಾತಲ್ಲ. ವಿಮಾನ ಹತ್ತದವರಿಗೂ ಇದರಲ್ಲಿ ಪಾಠ ಇದೆ. ರಾತ್ರಿ ಅಡಿಕೆ ಲೋಡ್ ಗಾಡಿ ಓಡಿಸೋ ಡ್ರೈವರ್ ಕಣ್ಣು ಮುಚ್ತಿದ್ದರೆ ಪಕ್ಕದ ಕ್ಲೀನರ್ ಹುಡುಗ 'ಅಣ್ಣಾ, ಗಾಡಿ ಸೈಡಿಗೆ ಹಾಕು' ಅನ್ನಬೇಕು. ಅವನು ಚಿಕ್ಕವನು ಅಂತ ಗದರಬೇಡಿ, ಗಾಡಿ ನಿಲ್ಲಿಸಿ. ಮಂಗಳೂರಲ್ಲಿ ಹೇಳುವವರು ಮೂರು ಸಲ ಹೇಳಿದ್ದರು. ಕೇಳುವವರು ಕೇಳಲಿಲ್ಲ.