ಗಂಗಾವತಿಯ ಹೊಟ್ಟು ಮತ್ತು ವಿದ್ಯಾಲಯದ ಹೊಣೆ

ಕೊಪ್ಪಳ ಜಿಲ್ಲೆಗೆ ತನ್ನದೇ ಆದ ವಿಶ್ವವಿದ್ಯಾಲಯವೊಂದು ಬಂದುದರಿಂದ ಗಂಗಾವತಿಯ ಅಕ್ಕಿ ಗಿರಣಿಗಳಿಗಾಗಲಿ, ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳಿಗಾಗಲಿ, ಕುಷ್ಟಗಿಯ ದಾಳಿಂಬೆ ಬೆಳೆಗಾರರಿಗಾಗಲಿ ಆಗತಕ್ಕ ಪ್ರಯೋಜನವೇನೆಂದು ಯಲಬುರ್ಗಾ ಸೀಮೆಯ ಓದುಗರೊಬ್ಬರು ಕೇಳಿದ್ದಾರೆ. ವಿದ್ಯಾಸಂಸ್ಥೆಗಳೂ ಉದ್ಯಮಗಳೂ ಒಡಂಬಡಿಕೆಗೆ ಸಹಿ ಹಾಕಿದ ಸುದ್ದಿ ಭಾವಚಿತ್ರ ಸಮೇತವಾಗಿ ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತದೆಯಾದರೂ, ಅಂಥ ಪತ್ರಗಳನ್ನು ಎಣಿಸುವುದರಿಂದ ಈ ಪ್ರಶ್ನೆಗೆ ಉತ್ತರ ದೊರೆಯದು. ಯಾವುದಾದರೊಂದು ಪದಾರ್ಥವನ್ನು ಹಿಡಿದು, ಅದು ಗಿರಣಿಯಿಂದ ಪ್ರಯೋಗಶಾಲೆಗೂ ಅಲ್ಲಿಂದ ಮರಳಿ ಗಿರಣಿಗೂ ನಡೆಯುವ ದಾರಿಯನ್ನು ಪರೀಕ್ಷಿಸುವುದೇ ಮೇಲು. ಅದಕ್ಕಾಗಿ ನಾನು ನೆಲ್ಲಿನ ಹೊಟ್ಟನ್ನು ಆರಿಸಿಕೊಂಡಿದ್ದೇನೆ.

ನೂರು ಕಿಲೋ ನೆಲ್ಲನ್ನು ಗಿರಣಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು ಬೀಳುತ್ತದೆ. ಆ ಹೊಟ್ಟನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ ಉಳಿಯುತ್ತದೆ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ, ಅಂದರೆ ಮರಳಿಗೂ ಗಾಜಿಗೂ ಮೂಲವಾದ ದ್ರವ್ಯವೇ ಇರುತ್ತದೆ. ಹುಲ್ಲಿನ ಜಾತಿಯ ಈ ಸಸ್ಯಕ್ಕೆ ಸಿಲಿಕಾ ಎಲ್ಲಿಂದ ಬಂದಿತು? ಮಣ್ಣಿನ ನೀರಿನಲ್ಲಿ ಕರಗಿರುವ ಸಿಲಿಸಿಕ್ ಆಮ್ಲವನ್ನು ಭತ್ತದ ಬೇರು ಹೀರಿ ಮೇಲಕ್ಕೆ ಕಳುಹಿಸುತ್ತದೆ. ಎಲೆಯಿಂದಲೂ ಕಾಳಿನ ಹೊದಿಕೆಯಿಂದಲೂ ನೀರು ಆವಿಯಾಗಿ ಹೋದಂತೆಲ್ಲ ಆಮ್ಲವು ಅಲ್ಲಿಯೇ ಸಾಂದ್ರಗೊಂಡು ಗಟ್ಟಿಯಾಗುತ್ತದೆ. ಹೊಟ್ಟಿನ ಹೊರಮೈಯನ್ನು ಬೆರಳಿನಿಂದ ಉಜ್ಜಿದಾಗ ಅರದಂತೆ ತಗಲುವ ಒರಟುತನಕ್ಕೆ ಈ ಸಿಲಿಕಾವೇ ಕಾರಣ. ತೌಡು ದನಗಳಿಗೂ ಎಣ್ಣೆಯ ಕಾರ್ಖಾನೆಗೂ ಸಲ್ಲುತ್ತದೆ. ಹೊಟ್ಟು ಮಾತ್ರ ಬಾಯ್ಲರಿನ ಒಲೆಗೆ ಬೀಳುತ್ತದೆ, ಬೂದಿ ಬಯಲಿನಲ್ಲಿ ಗುಡ್ಡೆಯಾಗುತ್ತದೆ.

ಈ ಬೂದಿಯ ಬೆಲೆಯನ್ನು ನಿರ್ಣಯಿಸುವುದು ಉಷ್ಣತೆ. ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಗಾಳಿ ಚೆನ್ನಾಗಿ ಆಡುವಂತೆ ಸುಟ್ಟರೆ ಸಿಲಿಕಾ ಅಸ್ಫಟಿಕವಾಗಿ, ಅಸಂಖ್ಯಾತ ಸೂಕ್ಷ್ಮರಂಧ್ರಗಳಿಂದ ಕೂಡಿ, ರಾಸಾಯನಿಕವಾಗಿ ಚುರುಕಾಗಿ ಉಳಿಯುತ್ತದೆ. ಉರಿ ಅತಿಯಾದರೆ ಅದು ಸ್ಫಟಿಕರೂಪವನ್ನು ತಳೆದು ಜಡವಾಗುವುದಲ್ಲದೆ, ಅದರ ಧೂಳು ಉಸಿರಾಟಕ್ಕೂ ಅಪಾಯಕಾರಿಯಾಗುತ್ತದೆ. ಹೊಟ್ಟಿನಲ್ಲಿರುವ ಪೊಟ್ಯಾಸಿಯಮ್ಮು ಸಿಲಿಕಾ ಕರಗುವ ಉಷ್ಣತೆಯನ್ನು ಇಳಿಸುವುದರಿಂದ, ಕರಗಿದ ಪೊರೆಯೊಳಗೆ ಇಂಗಾಲದ ಕಣಗಳು ಸಿಕ್ಕಿಕೊಂಡು ಉರಿಯದೆ ಉಳಿದುಬಿಡುತ್ತವೆ. ಬೂದಿ ಕಪ್ಪಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಇಂಥ ಬೂದಿಯನ್ನು ಹಿಡಿತದಲ್ಲಿ ಸುಟ್ಟು ಸಿಮೆಂಟಿಗೆ ಬೆರಸಬಹುದೆಂಬುದನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ಮೂಲದ ಪಿ. ಕುಮಾರ್ ಮೆಹ್ತಾ ಅವರು ತೋರಿಸಿಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಕೆಟ್ಟಿನೊಳಗಿನ ದಹನವನ್ನು ಅಭ್ಯಸಿಸಿದ ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು ಅದೇ ಶಾಸ್ತ್ರವನ್ನು ಸೌದೆ, ಹೊಟ್ಟುಗಳ ಅನಿಲೀಕರಣಕ್ಕೆ ತಿರುಗಿಸಿದರು. ಅವರ ಪ್ರಯೋಗಶಾಲೆಯಿಂದಲೇ ಬೂದಿಯಿಂದ ಸಿಲಿಕಾ ತೆಗೆಯುವ ವಿಧಾನವೂ ಹೊರಬಂದಿತು. ಆ ವಿಧಾನದ ಸೊಬಗು ನನ್ನನ್ನು ಇಂದಿಗೂ ಮಂತ್ರಮುಗ್ಧಗೊಳಿಸುತ್ತದೆ: ಬೂದಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿದರೆ ಸಿಲಿಕಾ ಕರಗಿ ಸೋಡಿಯಂ ಸಿಲಿಕೇಟ್ ಆಗುತ್ತದೆ, ಅದರೊಳಗೆ ಇಂಗಾಲದ ಡೈಆಕ್ಸೈಡನ್ನು ಹಾಯಿಸಿದರೆ ಸಿಲಿಕಾ ಬಿಳಿಯ ಪುಡಿಯಾಗಿ ತಳಕ್ಕೆ ಇಳಿಯುತ್ತದೆ, ಉಳಿದ ಸೋಡಿಯಂ ಕಾರ್ಬೊನೇಟಿಗೆ ಸುಣ್ಣ ಸೇರಿಸಿದರೆ ಕಾಸ್ಟಿಕ್ ಸೋಡಾ ಮತ್ತೆ ಕೈಗೆ ಬರುತ್ತದೆ. ಆ ಬಿಳಿಯ ಪುಡಿಗೆ ಹಲ್ಲುಜ್ಜುವ ಪೇಸ್ಟಿನಿಂದ ಮೊದಲ್ಗೊಂಡು ಟೈರಿನವರೆಗೆ ಬೇಡಿಕೆಯುಂಟು. ಹೊಟ್ಟಿನ ಬೂದಿಯ ಸಿಲಿಕಾವನ್ನು ತಾನು ಟೈರುಗಳಲ್ಲಿ ಬಳಸುವುದಾಗಿ ಗುಡ್‌ಇಯರ್ ಕಂಪನಿ 2014ರಲ್ಲಿ ಘೋಷಿಸಿತು.

ಉದ್ಯಮದ ಕೈ ಪ್ರಯೋಗಶಾಲೆಯ ಕೈಯನ್ನು ಹಿಡಿದದ್ದು ನಮ್ಮ ನಾಡಿಗೆ ಹೊಸದಲ್ಲ. ಜಮ್‌ಸೇಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನದ ಭೂದಾನದಿಂದಲೂ 1909ರಲ್ಲಿ ಸ್ಥಾಪಿತವಾದ ಅದೇ ವಿಜ್ಞಾನ ಸಂಸ್ಥೆಗೆ, 1914ರ ಮಹಾಯುದ್ಧವು ಒಂದು ಕಠಿಣ ಪ್ರಶ್ನೆಯನ್ನು ತಂದೊಡ್ಡಿತು. ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದ ಕಾಲ ಅದು. ಯುದ್ಧ ಆರಂಭವಾದೊಡನೆ ಆ ಮಾರ್ಗ ಮುಚ್ಚಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್‌ಟನ್ ಅವರ ಪ್ರೇರಣೆಯಿಂದ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದೆಣ್ಣೆಯ ಬಟ್ಟಿಯಿಳಿಸುವಿಕೆಯನ್ನು ಸಂಸ್ಥೆಯಲ್ಲಿಯೇ ಸಾಧಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಆರಂಭವಾಯಿತು. ಪ್ರಶ್ನೆ ಖಚಿತವಾಗಿತ್ತು, ಕಚ್ಚಾವಸ್ತು ಕೈಯಲ್ಲಿತ್ತು, ಮೊದಲ ಬಟ್ಟಿಯಿಂದ ಕಾರ್ಖಾನೆಯವರೆಗಿನ ವೆಚ್ಚವನ್ನು ಹೊರಲು ಸರ್ಕಾರ ಸಿದ್ಧವಾಗಿತ್ತು. ಒಡಂಬಡಿಕೆಗಳು ಇಂದು ಬಹುಮಟ್ಟಿಗೆ ಮುಗ್ಗರಿಸುವುದು ಈ ಮೂರನೆಯ ಮೆಟ್ಟಿಲಿನಲ್ಲಿ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ಉಂಡವರಿಗೆ ಈ ಮಾತು ಸುಲಭವಾಗಿ ಮನದಟ್ಟಾದೀತು. ಅಣೆಕಟ್ಟು ತುಂಬಿದ ಮಾತ್ರಕ್ಕೆ ಕೊನೆಭಾಗದ ಗದ್ದೆ ನೆನೆಯುವುದಿಲ್ಲ. ಉಪಕಾಲುವೆ, ತೂಬು, ಹೊಲಗಾಲುವೆ ಇವೆಲ್ಲ ಸರಿಯಾಗಿದ್ದಾಗಲೇ ನೀರು ಅಲ್ಲಿಗೆ ಮುಟ್ಟುತ್ತದೆ. ಶಾಸ್ತ್ರಜ್ಞಾನವೆಂಬ ಜಲಾಶಯಕ್ಕೂ ಗಿರಣಿಗೂ ನಡುವಿನ ಹೊಲಗಾಲುವೆಯೆಂದರೆ, ಗಾಜಿನ ಪಾತ್ರೆಯಲ್ಲಿ ಸಾಧಿಸಿದುದನ್ನು ಟನ್ನುಗಟ್ಟಲೆ ಬೂದಿಯ ಮೇಲೆ ಪರೀಕ್ಷಿಸುವ ಮಧ್ಯಮ ಪ್ರಮಾಣದ ಸ್ಥಾವರ. ಅದಕ್ಕೆ ಹಣ ಕೊಡುವವರೇ ವಿರಳ. ಬಸಿಗಾಲುವೆಯಿಲ್ಲದೆ ನೀರುಣಿಸಿದ ಭೂಮಿ ಸವಳು ಜವಳಾಗುವುದೂ ನಮ್ಮ ಅನುಭವವೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಅದನ್ನೇ ಅಭ್ಯಸಿಸುತ್ತಿದೆ. ಹಾಗೆಯೇ, ಕಂಪನಿಯ ಹಣದಿಂದ ನಡೆದ ಸಂಶೋಧನೆಯ ಫಲಗಳು, ಸೋತ ಪ್ರಯೋಗಗಳ ಸಹಿತವಾಗಿ, ಪ್ರಕಟವಾಗಿ ಹೊರಗೆ ಹರಿಯದಿದ್ದರೆ ವಿದ್ಯಾಲಯದ ನೆಲವೂ ಕ್ರಮೇಣ ಬಂಜರಾಗುತ್ತದೆ.

ಆದುದರಿಂದ ನಮ್ಮ ಜಿಲ್ಲೆಯ ಕಾಲೇಜುಗಳು ದೊಡ್ಡ ಯಂತ್ರಗಳಿಗಾಗಿ ಕಾಯಬೇಕಾದುದಿಲ್ಲ. ಗಂಗಾವತಿ, ಕಾರಟಗಿಗಳ ಗಿರಣಿಗಳಿಂದ ಬೂದಿ ತಂದು, ಒಣಗಿಸಿ ತೂಗಿ, ಮೂಸೆಯಲ್ಲಿಟ್ಟು ಕುಲುಮೆಯಲ್ಲಿ ಮತ್ತೆ ಕಾಯಿಸಿ, ಆರಿದ ಮೇಲೆ ಪುನಃ ತೂಗಿದರೆ, ಕಡಿಮೆಯಾದ ತೂಕ ಬಹುಮಟ್ಟಿಗೆ ಉರಿಯದೆ ಉಳಿದಿದ್ದ ಇಂಗಾಲದ ತೂಕ. ರಸಾಯನಶಾಸ್ತ್ರದ ಪದವಿ ವಿದ್ಯಾರ್ಥಿ ಮಾಡಬಲ್ಲ ಈ ಪರೀಕ್ಷೆಯಿಂದ, ಯಾವ ಬಾಯ್ಲರಿನಲ್ಲಿ ಇಂಧನ ಪೋಲಾಗುತ್ತಿದೆಯೆಂಬುದು ಗಿರಣಿಯ ಮಾಲೀಕರಿಗೂ, ಯಾವ ಬೂದಿ ಸಿಲಿಕಾ ತೆಗೆಯಲು ಯೋಗ್ಯವೆಂಬುದು ಅಧ್ಯಾಪಕರಿಗೂ ತಿಳಿಯುತ್ತದೆ. ಹಂಗಾಮಿನಿಂದ ಹಂಗಾಮಿಗೆ, ಬಾಯ್ಲರಿನಿಂದ ಬಾಯ್ಲರಿಗೆ ಬೂದಿಯ ಗುಣ ವ್ಯತ್ಯಾಸಗೊಳ್ಳುವುದರಿಂದ, ಕೆಲವು ವರ್ಷಗಳ ಮಾಪನಗಳು ಒಂದೆಡೆ ಕೂಡದೆ ಯಾವ ಸ್ಥಾವರಕ್ಕೂ ಲೆಕ್ಕ ಹಾಕಲಾಗದು. ಆ ಮಾಪನಗಳನ್ನು ಬೆಂಗಳೂರಿನಲ್ಲಿ ಕುಳಿತು ಮಾಡಲಾಗುವುದಿಲ್ಲ. ಗಿರಣಿಯ ನೆರೆಯಲ್ಲಿರುವ ವಿದ್ಯಾಲಯವೇ ಮಾಡಬೇಕು, ಮತ್ತು ಬರುವ ಹಂಗಾಮಿನಿಂದಲೇ ಮಾಡಬಹುದು.