ಕಾರಿನ ಕಡಾಣಿ

ಎತ್ತಿನ ಗಾಡಿಯನ್ನು ಹತ್ತಿರದಿಂದ ನೋಡಿದವರು ಕಡಾಣಿಯನ್ನು ಬಲ್ಲರು. ಅಚ್ಚಿನ ತುದಿಯಲ್ಲಿ, ಚಕ್ರದ ಗುಂಬದ ಹೊರಮಗ್ಗುಲಿಗೆ ತೂರಿಸಿದ ಸಣ್ಣ ಕಬ್ಬಿಣದ ಕೀಲು ಅದು. ಹೊರೆಯನ್ನು ಹೊರುವುದು ಅಚ್ಚು; ಗಾಡಿಯನ್ನು ಎಳೆಯುವವು ಎತ್ತುಗಳು. ಈ ಎರಡು ಕೆಲಸಗಳಲ್ಲಿಯೂ ಕಡಾಣಿಗೆ ಪಾಲಿಲ್ಲ. ಆದರೂ ಅದು ಕಳಚಿಬಿದ್ದರೆ ಚಕ್ರವು ಅಚ್ಚಿನಿಂದ ಜಾರಿ, ಗಾಡಿಯು ಒಂದು ಬದಿಗೆ ಕುಸಿಯುತ್ತದೆ.

ಮುಂದಿನ ಚಕ್ರಗಳ ಬಲದಿಂದ ಓಡುವ ಮೋಟಾರು ಕಾರಿನಲ್ಲಿಯೂ ಇಂಥದೇ ಒಂದು ಕಡಾಣಿಯುಂಟು. ಅದು ಕಣ್ಣಿಗೆ ಕಾಣದಂತೆ ಗೇರ್‌ಬಾಕ್ಸಿನ ಒಳಗೆ ಅಡಗಿದೆ. ಚಕ್ರವನ್ನು ತಿರುಗಿಸುವ ಅಚ್ಚನ್ನು ಗೇರ್‌ಬಾಕ್ಸಿನಿಂದ ಬಿಡಿಸಬೇಕಾದಾಗ ಎದುರಾಗುವ ತೊಡಕೆಲ್ಲ ಅದರದೇ. ಅದರ ಗುಣವನ್ನರಿತವರು ಮನೆಯಂಗಳದಲ್ಲಿಯೇ ಈ ಕೆಲಸವನ್ನು ಪೂರೈಸಬಲ್ಲರು. ಅರಿಯದವರು ಅಚ್ಚನ್ನೂ ಗೇರ್‌ಬಾಕ್ಸನ್ನೂ ಕೆಡಿಸಿಕೊಳ್ಳುವರು.

ಅಚ್ಚು ಏಕೆ ಬಾಗಬೇಕು?

ಆಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಹಿಂದಿನ ಕಾರುಗಳಲ್ಲಿ ಇಂಜಿನು ಮುಂದಿದ್ದರೂ ಅದರ ಶಕ್ತಿಯು ಉದ್ದನೆಯ ದಂಡದ ಮೂಲಕ ಹಿಂದಿನ ಚಕ್ರಗಳನ್ನು ಸೇರುತ್ತಿತ್ತು. ೧೯೮೩ರಲ್ಲಿ ಬಂದ ಮಾರುತಿ ೮೦೦ ಕಾರಿನಲ್ಲಿ ಆ ದಂಡವಿರಲಿಲ್ಲ. ಇಂಜಿನು, ಗೇರ್‌ಬಾಕ್ಸು, ಚಾಲಕ ಚಕ್ರಗಳು ಎಲ್ಲವೂ ಮುಂದೆಯೇ ಇದ್ದವು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ಜಾತಿಯವು.

ಈ ಏರ್ಪಾಡಿನಿಂದ ಕಾರಿನೊಳಗೆ ಜಾಗ ಉಳಿಯುತ್ತದೆ, ತೂಕವೂ ಕಡಿಮೆಯಾಗುತ್ತದೆ. ಆದರೆ ಒಂದು ಕಷ್ಟವೂ ಹುಟ್ಟುತ್ತದೆ. ಮುಂದಿನ ಚಕ್ರವು ರಸ್ತೆಯ ಉಬ್ಬುತಗ್ಗುಗಳಿಗೆ ಅನುಸಾರವಾಗಿ ಏರಿಳಿಯಬೇಕು. ಚಾಲಕನು ಸ್ಟಿಯರಿಂಗನ್ನು ತಿರುವಿದಾಗ ಎಡಕ್ಕೂ ಬಲಕ್ಕೂ ಹೊರಳಬೇಕು. ಇವುಗಳ ನಡುವೆ ಒಂದೇ ಸಮನೆ ಸುತ್ತುತ್ತಲೂ ಇರಬೇಕು. ಆದುದರಿಂದ ಅದನ್ನು ತಿರುಗಿಸುವ ಅಚ್ಚಿಗೆ ನಮ್ಮ ತೋಳಿಗಿರುವಂತೆ ಎರಡು ಕೀಲುಗಳು ಬೇಕು.

ಬಾಗಿದ ದಂಡಗಳ ನಡುವೆ ತಿರುಗುವಿಕೆಯನ್ನು ದಾಟಿಸುವ ಒಂದು ಕೀಲನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೭ನೆಯ ಶತಮಾನದಲ್ಲಿಯೇ ವಿವರಿಸಿದ್ದನು. ಒಂದು ಶಿಲುಬೆಯ ನಾಲ್ಕು ತುದಿಗಳನ್ನು ಎರಡು ಕವಲುಗಳು ಹಿಡಿದಿರುವ ಸರಳ ರಚನೆ ಅದು. ಆದರೆ ಅದಕ್ಕೊಂದು ದೋಷವಿದೆ. ಒಂದು ಬಳೆಯನ್ನು ಓರೆಯಾಗಿ ಹಿಡಿದು ನೋಡಿ. ಅದು ಅಂಡಾಕಾರವಾಗಿ ಕಾಣುತ್ತದೆ. ಬಳೆಯ ಮೇಲೆ ಸಮದೂರದಲ್ಲಿ ಗುರುತು ಮಾಡಿದ ಚುಕ್ಕೆಗಳು ಈಗ ಕೆಲವೆಡೆ ಒತ್ತಾಗಿಯೂ ಕೆಲವೆಡೆ ವಿರಳವಾಗಿಯೂ ತೋರುತ್ತವೆ. ಒಂದು ದಂಡದ ಸುತ್ತುವಿಕೆಯು ಅದಕ್ಕೆ ಓರೆಯಾಗಿರುವ ಇನ್ನೊಂದು ದಂಡಕ್ಕೆ ತಲಪುವುದೂ ಹೀಗೆಯೇ. ಎರಡರ ನಡುವಣ ಕೋನ ೩೦ ಡಿಗ್ರಿಯಿದ್ದು, ಮೊದಲನೆಯದು ನಿಮಿಷಕ್ಕೆ ೧೦೦ ಸುತ್ತುಗಳ ಸಮವೇಗದಲ್ಲಿ ತಿರುಗುತ್ತಿದ್ದರೆ, ಎರಡನೆಯದರ ವೇಗವು ಸುಮಾರು ೮೭ಕ್ಕೂ ೧೧೫ಕ್ಕೂ ನಡುವೆ, ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಓಲಾಡುತ್ತದೆ. ಗಣಿತ ಬಲ್ಲ ವಿದ್ಯಾರ್ಥಿಗಳು ೩೦ ಡಿಗ್ರಿಯ ಕೊಸೈನಿನಿಂದ ೧೦೦ನ್ನು ಒಮ್ಮೆ ಗುಣಿಸಿ, ಒಮ್ಮೆ ಭಾಗಿಸಿ ಈ ಅಂಕಿಗಳನ್ನು ತಾವೇ ಪಡೆಯಬಹುದು. ಇಂಥ ಕೀಲನ್ನು ಚಕ್ರದ ಬಳಿ ಒಂಟಿಯಾಗಿ ಇರಿಸಿದರೆ ತಿರುವಿನಲ್ಲೆಲ್ಲ ಕಾರು ನಡುಗುತ್ತದೆ.

ಆರು ಗುಂಡುಗಳ ಕೀಲು

ಇದಕ್ಕೆ ಪರಿಹಾರವನ್ನು ಕಂಡವರಲ್ಲಿ ಫೋರ್ಡ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಆಲ್‌ಫ್ರೆಡ್ ರ್‍ಝೆಪ್ಪಾ ಒಬ್ಬನು. ೧೯೨೦ರ ದಶಕದಲ್ಲಿ ಅವನು ರೂಪಿಸಿದ ಕೀಲಿನಲ್ಲಿ ಒಂದು ಬಟ್ಟಲೂ ಅದರೊಳಗೆ ಒಂದು ತಿರುಳೂ ಇವೆ. ಎರಡರಲ್ಲಿಯೂ ಕೊರೆದ ಕಾಲುವೆಗಳ ನಡುವೆ ಉಕ್ಕಿನ ಗುಂಡುಗಳು ಕೂತು ಬಲವನ್ನು ದಾಟಿಸುತ್ತವೆ. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಆರು ಗುಂಡುಗಳಿರುತ್ತವೆ. ಕೀಲು ಎಷ್ಟೇ ಬಾಗಲಿ, ಗುಂಡುಗಳು ಬಾಗಿನ ಕೋನವನ್ನು ಸರಿಯಾಗಿ ಅರ್ಧಿಸುವ ತಲದಲ್ಲಿಯೇ ನಿಲ್ಲುತ್ತವೆ. ಆ ತಲದಲ್ಲಿ ಒಂದು ಕನ್ನಡಿಯಿದೆಯೆಂದು ಭಾವಿಸಿದರೆ ಒಂದು ದಂಡವು ಇನ್ನೊಂದರ ಬಿಂಬದಂತಿರುತ್ತದೆ. ಬಿಂಬಕ್ಕೂ ವಸ್ತುವಿಗೂ ವೇಗದಲ್ಲಿ ಭೇದವಿರಲಾರದು. ಆದುದರಿಂದ ಎರಡೂ ಸದಾ ಸಮವೇಗದಲ್ಲಿ ತಿರುಗುತ್ತವೆ. ೧೯೫೯ರಲ್ಲಿ ಬ್ರಿಟನ್ನಿನಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಎಂಬ ಪುಟ್ಟ ಕಾರು ಈ ಬಗೆಯ ಕೀಲನ್ನು ಜನಸಾಮಾನ್ಯರ ಮನೆಬಾಗಿಲಿಗೆ ತಂದಿತು.

ಚಕ್ರದ ಕಡೆಗೆ ಈ ಗುಂಡುಕೀಲಿದ್ದರೆ, ಗೇರ್‌ಬಾಕ್ಸಿನ ಕಡೆಗೆ ಸಾಮಾನ್ಯವಾಗಿ ಮೂರು ಉರುಳೆಗಳ ಕೀಲು ಇರುತ್ತದೆ. ಅದರ ಉರುಳೆಗಳು ಬಟ್ಟಲಿನೊಳಗೆ ಹಿಂದಕ್ಕೂ ಮುಂದಕ್ಕೂ ಜಾರಬಲ್ಲವು. ಚಕ್ರವು ಏರಿಳಿಯುವಾಗ ಅಚ್ಚಿನ ಉದ್ದ ಹೆಚ್ಚುಕಡಿಮೆಯಾಗಲು ಇದರಿಂದ ಅನುಕೂಲ. ಎರಡು ಕೀಲುಗಳಿಗೂ ಕಮ್ಮಾರನ ತಿದಿಯಂತೆ ಮಡಿಕೆಗಳುಳ್ಳ ರಬ್ಬರಿನ ಹೊದಿಕೆಯುಂಟು. ಈ ಹೊದಿಕೆ ಹರಿದರೆ ಗ್ರೀಸು ಹೊರಗೆ ಚಿಮ್ಮಿ ಧೂಳು ಒಳಗೆ ಸೇರುತ್ತದೆ, ಕಾಲುವೆಗಳು ಸವೆಯುತ್ತವೆ, ತಿರುವಿನಲ್ಲಿ ಟಕ್‌ಟಕ್ ಎಂಬ ಸದ್ದು ಕೇಳಿಬರುತ್ತದೆ. ಹಾಗಾದಾಗ ಅಚ್ಚನ್ನು ಹೊರತೆಗೆಯಲೇಬೇಕು.

ಕಳಚುವ ಮೊದಲು

ಮೊದಲ ಮಾತು ಪ್ರಾಣಕ್ಕೆ ಸಂಬಂಧಿಸಿದುದು. ಮಾರುತಿ ೮೦೦ರಂಥ ಹಗುರವಾದ ಕಾರು ಕೂಡ ಸುಮಾರು ೬೫೦ ಕಿಲೋಗ್ರಾಂ ತೂಗುತ್ತದೆ. ಜಾಕು ಇರುವುದು ಕಾರನ್ನು ಎತ್ತುವುದಕ್ಕೆ, ಎತ್ತಿ ಹಿಡಿದಿರುವುದಕ್ಕಲ್ಲ. ಅದರ ಪಾದ ಚಿಕ್ಕದು. ಪಕ್ಕದಿಂದ ತಳ್ಳಿದರೆ ಉರುಳುವ ಸ್ವಭಾವದ್ದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡೆ ಕೊಟ್ಟು, ಕಾರನ್ನು ಎತ್ತಿದ ಒಡನೆ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಇಟ್ಟಿಗೆ ಕಲ್ಲುಗಳನ್ನು ನಂಬಬಾರದು. ಸ್ಟ್ಯಾಂಡು ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಎರಡನೆಯದು, ಚಕ್ರದ ನಡುವೆ ಅಚ್ಚಿನ ತುದಿಯನ್ನು ಹಿಡಿದಿರುವ ದೊಡ್ಡ ನಟ್ಟು. ಇದನ್ನು ಸಡಿಲಿಸಬೇಕಾದುದು ಚಕ್ರವು ಇನ್ನೂ ನೆಲದ ಮೇಲಿರುವಾಗ. ಕಾರಣವನ್ನು ಲೆಕ್ಕದಿಂದ ತಿಳಿಯೋಣ. ಇಂಥ ನಟ್ಟನ್ನು ೨೦೦ ನ್ಯೂಟನ್-ಮೀಟರಿನಷ್ಟು ಬಿಗಿದಿದ್ದರೆ, ಅರ್ಧ ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ೪೦೦ ನ್ಯೂಟನ್, ಎಂದರೆ ಸುಮಾರು ೪೦ ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಸ್ಪ್ಯಾನರಿಗೆ ಕೊಳವೆ ತೊಡಿಸಿ ಒಂದು ಮೀಟರ್ ಮಾಡಿದರೆ ೨೦ ಕಿಲೋಗ್ರಾಂ ತೂಕದ ಬಲ ಸಾಕು. ಒಂದು ಮುಂಚಕ್ರದ ಮೇಲಿನ ಹೊರೆ ೧೯೦ ಕಿಲೋಗ್ರಾಂ, ಟೈರಿನ ಘರ್ಷಣಾಂಕ ೦.೭, ಚಕ್ರದ ತ್ರಿಜ್ಯ ೨೫ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಟೈರು ನೆಲವನ್ನು ಕಚ್ಚಿ ೩೦೦ ನ್ಯೂಟನ್-ಮೀಟರಿಗೂ ಮಿಗಿಲಾದ ತಡೆಯನ್ನು ಒಡ್ಡಬಲ್ಲದು. ಒಬ್ಬರು ಬ್ರೇಕನ್ನು ಒತ್ತಿ ಹಿಡಿದರೆ ಚಕ್ರ ಕದಲದು, ನಟ್ಟು ಸೋಲುತ್ತದೆ. ಚಕ್ರವನ್ನು ಗಾಳಿಯಲ್ಲೆತ್ತಿ ಇದೇ ಸಾಹಸ ಮಾಡಿದರೆ, ನಮ್ಮ ಸೆಳೆತವೆಲ್ಲ ಕಾರನ್ನು ಅದರ ಆಸರೆಯಿಂದ ಕೆಡಹುವುದಕ್ಕೆ ನೆರವಾಗುತ್ತದೆ.

ಬಳಿಕ ಕಾರನ್ನು ಎತ್ತಿ, ಗೇರ್‌ಬಾಕ್ಸಿನ ಎಣ್ಣೆಯನ್ನು ಒಂದು ಬಾಣಲೆಗೆ ಇಳಿಸಿ, ಚಕ್ರವನ್ನೂ ನಟ್ಟನ್ನೂ ತೆಗೆಯಬೇಕು. ಕೆಳತೋಳಿನ ಗುಂಡುಕೀಲನ್ನು ಬಿಡಿಸಿದರೆ, ಚಕ್ರವನ್ನು ಹೊರುವ ಗೆಣ್ಣು ಹೊರಕ್ಕೆ ವಾಲಿ ಅಚ್ಚಿನ ಹೊರತುದಿಗೆ ದಾರಿ ಕೊಡುತ್ತದೆ. ಬ್ರೇಕಿನ ರಬ್ಬರ್ ಕೊಳವೆಯಾಗಲಿ ಸಂವೇದಕದ ತಂತಿಯಾಗಲಿ ಬಿಗಿಯದಂತೆ ನೋಡಿಕೊಳ್ಳಬೇಕು. ಅಚ್ಚಿನ ತುದಿ ಅಂಟಿಕೊಂಡಿದ್ದರೆ ಮರದ ತುಂಡನ್ನು ಅಡ್ಡವಿಟ್ಟು ತಟ್ಟಬೇಕು. ಸುತ್ತಿಗೆ ನೇರವಾಗಿ ಬಿದ್ದರೆ ತಿರುಪಿನ ಸುತ್ತುಗಳು ನಜ್ಜುಗುಜ್ಜಾಗುತ್ತವೆ.

ಉಂಗುರದ ಗುಟ್ಟು

ಈಗ ಉಳಿದುದು ಒಳತುದಿ. ಅನೇಕ ಕಾರುಗಳಲ್ಲಿ ಇಲ್ಲಿ ನಟ್ಟೂ ಇಲ್ಲ, ಬೋಲ್ಟೂ ಇಲ್ಲ. ಬಟ್ಟಲಿನ ಹಿಂದಿರುವ ಮೋಟುದಂಡದ ಮೈಮೇಲೆ ಉದ್ದುದ್ದನೆಯ ಹಲ್ಲುಗಳಿವೆ. ಅವು ಡಿಫರೆನ್ಷಿಯಲ್ಲಿನ ಗೇರಿನೊಳಗೆ ಕೂತು ಇಂಜಿನಿನ ತಿರುಚುಬಲವನ್ನೆಲ್ಲ ಹೊರುತ್ತವೆ. ದಂಡದ ತುದಿಯ ಕಾಲುವೆಯಲ್ಲಿ ಬಾಯಿ ಬಿಟ್ಟ ಒಂದು ತಂತಿಯುಂಗುರವಿದೆ. ಇದೇ ನಮ್ಮ ಕಡಾಣಿ. ತಿರುಚುಬಲದ ಒಂದಂಶವೂ ಇದರ ಮೇಲೆ ಬೀಳದು. ಅಚ್ಚು ಹೊರಕ್ಕೆ ಜಾರದಂತೆ ತಡೆಯುವುದಷ್ಟೇ ಅದರ ಕೆಲಸ. ಉರುಳೆಗಳು ತಮ್ಮ ಬಟ್ಟಲಿನಲ್ಲಿ ಸರಾಗವಾಗಿ ಜಾರುವುದರಿಂದ ಆ ಸೆಳೆತವೂ ಅಲ್ಪ. ಆದುದರಿಂದಲೇ ಬರಿಯ ತಂತಿಯೊಂದು ಇಲ್ಲಿ ಸಾಕಾಗಿದೆ.

ಅಚ್ಚನ್ನು ಎಳೆದಾಗ ಗೇರಿನ ಅಂಚಿನ ಇಳಿಜಾರು ಉಂಗುರವನ್ನು ಅದುಮುತ್ತದೆ. ಉಂಗುರವು ಕಾಲುವೆಯೊಳಗೆ ಕುಗ್ಗಿ ಹೊರಬರುತ್ತದೆ. ಆದರೆ ಎಳೆಯಬೇಕಾದುದು ಬಟ್ಟಲನ್ನು, ದಂಡವನ್ನಲ್ಲ. ದಂಡವನ್ನು ಹಿಡಿದು ಜಗ್ಗಿದರೆ ಉರುಳೆಗಳು ಬಟ್ಟಲಿನಿಂದ ಕಳಚಿ, ತಿದಿ ಹರಿದು, ಉಂಗುರ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಬಲ ಸಲ್ಲಬೇಕಾದ ಕಡೆ ಸಲ್ಲದಿದ್ದರೆ ಎಷ್ಟಿದ್ದರೇನು?

ಬಟ್ಟಲಿಗೂ ಗೇರ್‌ಬಾಕ್ಸಿಗೂ ನಡುವಣ ಸಂದಿಗೆ ಮೀಟುಗೋಲನ್ನು ತೂರಿಸುವುದು ಒಂದು ಉಪಾಯ. ಆನಿಕೆಯಿಂದ ಬಟ್ಟಲಿಗೆ ೨ ಸೆಂಟಿಮೀಟರ್, ಕೈಗೆ ೪೦ ಸೆಂಟಿಮೀಟರ್ ಇದ್ದರೆ ನಮ್ಮ ಬಲ ೨೦ ಪಟ್ಟಾಗುತ್ತದೆ. ೧೫ ಕಿಲೋಗ್ರಾಮಿನಷ್ಟು ಒತ್ತಿದರೆ ಬಟ್ಟಲಿನ ಮೇಲೆ ೩೦೦ ಕಿಲೋಗ್ರಾಂ ತೂಕದ ಬಲ! ಆದರೆ ಕ್ರಿಯೆಯಿದ್ದಲ್ಲಿ ಪ್ರತಿಕ್ರಿಯೆಯೂ ಉಂಟು. ಆನಿಕೆಯಾದ ಅಲ್ಯುಮಿನಿಯಂ ಕವಚ ಅದಕ್ಕಿಂತ ತುಸು ಹೆಚ್ಚನ್ನೇ ತಾಳಿಕೊಳ್ಳಬೇಕು. ಆದುದರಿಂದ ಕವಚದ ದಪ್ಪ ಏಣೊಂದನ್ನು ಆರಿಸಿಕೊಳ್ಳಬೇಕು. ಕೋಲಿನ ತುದಿ ಎಣ್ಣೆ ತಡೆಯುವ ಸೀಲಿಗೆ ತಾಗಬಾರದು.

ಇನ್ನೊಂದು ಉಪಾಯ ಜಾರುಸುತ್ತಿಗೆ. ಬಟ್ಟಲಿಗೆ ಸಿಕ್ಕಿಸಿದ ಕಂಬಿಯ ಮೇಲೆ ೨ ಕಿಲೋಗ್ರಾಮಿನ ಗುಂಡು ಸೆಕೆಂಡಿಗೆ ೩ ಮೀಟರ್ ವೇಗದಲ್ಲಿ ಜಾರಿಬಂದು, ಸೆಕೆಂಡಿನ ೫೦೦ರಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ನಿಂತಿತೆನ್ನೋಣ. ಸಂವೇಗದ ವ್ಯತ್ಯಾಸವನ್ನು ಕಾಲದಿಂದ ಭಾಗಿಸಿದರೆ ಬರುವ ಸರಾಸರಿ ಬಲ ೩೦೦೦ ನ್ಯೂಟನ್. ಇದೂ ಸುಮಾರು ೩೦೦ ಕಿಲೋಗ್ರಾಂ ತೂಕದಷ್ಟೇ. ಆದರೆ ಇಲ್ಲಿ ಕವಚದ ಮೇಲೆ ಮೀಟುಗೋಲಿನ ಒತ್ತಡವಿಲ್ಲ. ಬಗ್ಗದಿದ್ದರೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಅಚ್ಚನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಯತ್ನಿಸಬೇಕು. ಹಲ್ಲುಗಳ ಮೇಲೆ ತಿರುಚು ಉಳಿದಿದ್ದರೆ ಅವು ಒಂದನ್ನೊಂದು ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತವೆ. ತಿರುಚು ಹೋದರೆ ಬಿಗಿತವೂ ಹೋಗುತ್ತದೆ.

ಮರಳಿ ಜೋಡಿಸುವಾಗ

ಎರಡು ಅಚ್ಚುಗಳನ್ನೂ ಒಟ್ಟಿಗೆ ತೆಗೆದರೆ ಕೆಲವು ಗೇರ್‌ಬಾಕ್ಸುಗಳಲ್ಲಿ ಒಳಗಿನ ಗೇರುಗಳು ಸ್ಥಾನ ತಪ್ಪುತ್ತವೆ. ಒಂದಾದ ಮೇಲೊಂದು ತೆಗೆಯುವುದೇ ಕ್ಷೇಮ. ಉಂಗುರವನ್ನೂ ಚಕ್ರದ ದೊಡ್ಡ ನಟ್ಟನ್ನೂ ಹೊಸದಾಗಿ ಹಾಕಬೇಕು. ಸೀಲಿನ ತುಟಿಗೆ ಗ್ರೀಸು ಸವರಿ, ಹಲ್ಲುಗಳನ್ನು ಹೊಂದಿಸಿ ಅಚ್ಚನ್ನು ಒಳಕ್ಕೆ ತಳ್ಳಿದರೆ ಕ್ಲಿಕ್ ಎಂದು ಉಂಗುರ ಕೂರುತ್ತದೆ. ಬಳಿಕ ಬಟ್ಟಲನ್ನು ಕೈಯಿಂದ ಸೆಳೆದು ನೋಡಬೇಕು; ಹೊರಬರದಿದ್ದರೆ ಕಡಾಣಿ ನೆಟ್ಟಿತೆಂದು ತಿಳಿಯಬಹುದು. ನಟ್ಟನ್ನು ಕಾರಿನ ಕೈಪಿಡಿ ಹೇಳಿದಷ್ಟೇ, ಬಿಗಿತವನ್ನು ಅಳೆಯುವ ಸ್ಪ್ಯಾನರಿನಿಂದ ಬಿಗಿಯಬೇಕು. ಇಳಿಸಿದ ಎಣ್ಣೆಯನ್ನು ತುಂಬುವವರೆಗೆ ಇಂಜಿನನ್ನು ಚಾಲೂ ಮಾಡಬಾರದು.

ತರಗತಿಯಲ್ಲಿ ಓದುವ ಸನ್ನೆಗೋಲು, ಘರ್ಷಣೆ, ಸಂವೇಗ, ಪ್ರತಿಕ್ರಿಯೆ ಎಲ್ಲವೂ ಒಂದು ಮಧ್ಯಾಹ್ನದ ಈ ದುಡಿಮೆಯಲ್ಲಿ ನಮ್ಮ ಕೈಗೆ ತಾಗುತ್ತವೆ. ಬಲವನ್ನು ಪ್ರಯೋಗಿಸುವ ಮೊದಲು ಯಾವ ಭಾಗ ಯಾವ ಬಲವನ್ನು ಹೊತ್ತಿದೆಯೆಂದು ಕೇಳಿಕೊಳ್ಳುವ ಅಭ್ಯಾಸವಿದ್ದರೆ, ಯಂತ್ರವೂ ಉಳಿಯುತ್ತದೆ, ಕೈಕಾಲೂ ಉಳಿಯುತ್ತವೆ.